ಆರು ಕಾಗದದ ಚಕ್ರ

ನಾನು ಕತ್ತರಿ ಕೈಗೆತ್ತಿಕೊಂಡ ದಿನ ಏನಾದರೊಂದು ಆಗಿಯೇ ಆಗುತ್ತದೆ. ಬಸ್ಸು ಓಡಿಸಿದ ಕೈ ಇದು. ಶಾಲೆ ಕಂಡದ್ದು ನಾಲ್ಕನೇ ಕ್ಲಾಸಿನವರೆಗೆ.

ನನ್ನ ಹೆಂಡತಿ ಹಳೇ ಮದುವೆ ಕಾಗದದಲ್ಲಿ ಮನೆ, ದೋಣಿ ಎಲ್ಲ ಮಾಡುತ್ತಿದ್ದಳು. ಕಡೆಗೆ ಹಿಡಿದದ್ದು ನಾನು ಕುಂದಾಪುರ–ಬೈಂದೂರು ಲೈನಿನಲ್ಲಿ ಓಡಿಸುತ್ತಿದ್ದ ಬಸ್ಸು. ಅಂಗೈಯಷ್ಟು. ಕಿಟಕಿ ಆಯಿತು, ಬಾಗಿಲು ಆಯಿತು. ಚಕ್ರ ಆಗುವ ಮೊದಲೇ ಅವಳು ಹೋದಳು. ಅವಳ ವರ್ಷಾಂತಿಕದ ತಿಥಿಯೊಳಗೆ ಚಕ್ರ ಹಾಕಿ, ಬಸ್ಸನ್ನು ಅವಳ ಫೋಟೋದ ಎದುರೇ ನಿಲ್ಲಿಸಬೇಕು. ನನಗೆ ಉಳಿದದ್ದು ಅದೊಂದೇ ಕೆಲಸ.

ಎದುರೇ ಅಂದದ್ದಕ್ಕೆ ಕಾರಣ ಉಂಟು. ನಮ್ಮ ಲೈನಿನಲ್ಲಿ ಹಿಂದಿನ ಬಸ್ಸು ಬೆನ್ನಿಗೇ ಇರುತ್ತದೆ. ಸ್ಟಾಪು ದಾಟಿ ನಾಲ್ಕು ಮಾರು ಹೋದ ಮೇಲೆಯೇ ಬ್ರೇಕು. ತ್ರಾಸಿ ಸ್ಟಾಪಿನಲ್ಲಿ ಅವಳು ಸೀರೆಯ ನೆರಿಗೆ ಹಿಡಿದು ಓಡಿ ಬಂದು ಹತ್ತುತ್ತಿದ್ದಳು. "ಒಂದಿನ ಆದ್ರೂ ನನ್ನೆದ್ರಿಗೆ ನಿಲ್ಸಿ ಕಾಂಬ" ಅನ್ನುತ್ತಿದ್ದಳು.

ಮೊದಲ ಚಕ್ರ

ನನ್ನ ಬಿಪಿ ಮಾತ್ರೆ ಇಟ್ಟು ಸುತ್ತ ಪೆನ್ಸಿಲ್ ಎಳೆದೆ. ಕತ್ತರಿಸಿದೆ. ಹೆಂಡತಿಯ ತಂಗಿ ಬಂದಳು.

"ಇದೆಂತ ಭಾವ?"

"ಚಕ್ರ."

"ಎಂಟ್ ಮೂಲೆ ಇತ್ತಲೆ!"

"ಉರುಳತ್ತ್."

"ಉರುಳತ್ತ್. ಒಳ್ಗೆ ಕೂಕಂಡವ್ರ ಸೊಂಟ ಎಂತ ಆತ್ತ್?"

ಇನ್ನೊಂದು ಮಾಡುವಾ ಎಂದು ಮಾತ್ರೆ ಹುಡುಕಿದೆ. ಇಲ್ಲ. ಮಾತಿನ ನಡುವೆ ನಾನೇ ನುಂಗಿದ್ದೆ. ಕಡೆಯ ಮಾತ್ರೆ ಅದು. ಮೆಡಿಕಲ್ಲಿಗೆ ಹೋದೆ. ಬೇರೆ ಕಂಪೆನಿಯದ್ದು ಕೊಟ್ಟರು.

"ಇದ್ ಉದ್ದ ಇತ್ತ್. ಉರುಟಿಂದ್ ಕೊಡಿ."

"ಗುಣ ಒಂದೇ ಮಾರ್ರೆ."

"ಗುಣ ಯಾರಿಗ್ ಬೇಕ್?"

ಕ್ಷೌರದಂಗಡಿ

ಬಸ್ರೂರಿನ ಕ್ಷೌರದವನ ಹತ್ತಿರ ಸಣ್ಣ ಕತ್ತರಿ ಉಂಟು. ಕೇಳಲು ಹೋದೆ. ಕುರ್ಚಿಯಲ್ಲಿ ಒಬ್ಬರಿದ್ದರು. ಒಂದು ಕೆನ್ನೆ ಬೋಳಿಸಿ ಆಗಿತ್ತು, ಇನ್ನೊಂದರಲ್ಲಿ ನೊರೆ.

"ಕತ್ರಿ ತಿರ್ಗ್ಸುಕಾಗ ಅಣ್ಣ. ಕಾಗ್ದ ತಿರ್ಗ್ಸ್ಕ್" ಎಂದು ಅವನು ನನ್ನ ಕೈಯಿಂದ ಕಾಗದ ತೆಗೆದುಕೊಂಡ. ತಿರುಗಿಸಿದ. ಚಕ್ರ ಬಂತು! ಬೆಂಚಿನಲ್ಲಿದ್ದ ಇಬ್ಬರು "ನಂಗೊಂದ್ ಕೊಡಿ" ಎಂದು ಎದ್ದು ಬಂದರು. ಎಲ್ಲರೂ ನಾಲಿಗೆ ಹೊರಗೆ ಹಾಕಿ ಕಾಗದ ತಿರುಗಿಸಿದ್ದೇ ತಿರುಗಿಸಿದ್ದು.

ಕುರ್ಚಿಯಿಂದ ಕೂಗು ಬಂತು: "ಹ್ವಾಯ್, ನೊರೆ ಒಣಗ್ತ್!"

"ಕೂಕಣಿ ಮಾರ್ರೆ. ಬಸ್ ಹೊರಡುಕಿತ್ತ್."

ಮದುವೆ ಕಾಗದ

ಎರಡು ಚಕ್ರ ಆಯಿತು, ದಪ್ಪ ಕಾಗದ ಮುಗಿಯಿತು. ಅಷ್ಟರಲ್ಲಿ ಬೀಜಾಡಿಯ ಪರಿಚಯದವರೊಬ್ಬರು ಮಗಳ ಮದುವೆಗೆ ಕರೆಯಲು ಬಂದರು. ಕಾಗದ ಮುಟ್ಟಿ ನೋಡಿದೆ. ಎಂಥಾ ದಪ್ಪ!

"ಎರಡ್ ಕೊಡಿ."

"ಮನೇಲಿ ನೀವೊಬ್ರೇ ಅಲ್ದಾ?"

"ಹೌದ್. ಆದ್ರೆ ಹಿಂದಿನ್ ಚಕ್ರ ಡಬಲ್."

ಅವರು ಹೋದದ್ದೇ ಎರಡನ್ನೂ ಒಟ್ಟಿಗಿಟ್ಟು ಕತ್ತರಿಸಿದೆ. ನಾಲ್ಕು ಚಕ್ರ, ಒಂದಕ್ಕಿಂತ ಒಂದು ಉರುಟು. ಮದುವೆ ದಿನ ನೋಡುತ್ತೇನೆ, ಸಭಾಭವನದ ಹೆಸರಿದ್ದಲ್ಲಿ ಎರಡು ಕಾಗದದಲ್ಲೂ ತೂತು. ಕೋಟೇಶ್ವರ ಎಂದು ಹೇಳಿದ ನೆನಪು. ಹೋದೆ. ಅಕ್ಷತೆ ಹಾಕಿದೆ. ಊಟ ಭರ್ಜರಿ.

ಸಂಜೆ ಫೋನ್ ಬಂತು: "ಎಂತಕೆ ಬರ್ಲಿಲ್ಲೆ?"

"ಬಂದಿದ್ದೆ, ಉಂಡಿದ್ದೆ. ಹೆಣ್ಣ್ ಮಾತ್ರ ನಿಮ್ದಲ್ಲ."

ವರ್ಷಾಂತಿಕ

ಗುಡಿಸುವ ಹಿಡಿಸೂಡಿಯ ಕಡ್ಡಿ ಅಡ್ಡ ಹಾಕಿ ಆರು ಚಕ್ರವನ್ನೂ ಸಿಕ್ಕಿಸಿದೆ. ಫೋಟೋದ ಎದುರು ಮಣೆ ಇಟ್ಟು, ಬಸ್ಸನ್ನು ಅವಳ ಮುಖದ ನೇರಕ್ಕೆ ನಿಲ್ಲಿಸಿದೆ. ಬಾಗಿಲು ಅವಳ ಕಡೆಗೆ.

ಭಟ್ಟರು ಮಂತ್ರ ಹೇಳುತ್ತಿದ್ದರು. ಸೆಕೆ. ಯಾರೋ ಟೇಬಲ್ ಫ್ಯಾನು ಹಾಕಿದರು.

ಬಸ್ಸು ಹೊರಟಿತು.

ಎಂಟು ಮೂಲೆ ಇದ್ದಿದ್ದರೆ ನಿಲ್ಲುತ್ತಿತ್ತು. ಈಗ ಚಕ್ರ ಉರುಟು. ಭಟ್ಟರು ವರ್ಷಗಟ್ಟಲೆ ನನ್ನ ಬಸ್ಸಿನಲ್ಲಿ ಬಂದವರು, ಮಂತ್ರ ಬಿಟ್ಟು ಕಂಡಕ್ಟರನ ಹಾಗೆ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಿದರು. ಬಸ್ಸು ಫೋಟೋ ದಾಟಿತು. ನಾಲ್ಕು ಬೆರಳು ಮುಂದೆ ಹೋಗಿ, ತೆಂಗಿನಕಾಯಿಗೆ ತಾಗಿ ನಿಂತಿತು.

ಹೆಂಡತಿಯ ತಂಗಿ ಬಸ್ಸು ನೋಡಿದಳು. ಫೋಟೋ ನೋಡಿದಳು.

"ಅಕ್ಕಾ, ನೆರಿಗೆ ಹಿಡ್ಕೋ. ಓಡ್!"