ಮೇಡಂ ನೋಡಲು ಬಂದ ಹುಲ್ಲು

ಸಾಹುಲ್ ಹಮೀದರಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಮೂಲ ನೆರೆಮನೆಯ ಮಹೇಶ್ವರರ ಒಳ್ಳೆಯತನ. ನೆರೆಯವನು ಕೆಟ್ಟವನಾದರೆ ಬೇಲಿ ಹಾಕಿಕೊಂಡು ಜಾಗ್ರತೆಯಲ್ಲಿ ಇರಬಹುದು. ಒಳ್ಳೆಯವನಿಗೆ ಎಂಥ ಬೇಲಿ ಹಾಕುವುದು?

ನೆಲ್ಯಾಡಿ ಪೇಟೆಯಲ್ಲಿ ಮೂವತ್ತು ವರ್ಷದಿಂದ ಕೊಡೆ, ಚಪ್ಪಲಿ ಮಾರುತ್ತಿದ್ದ ಹಮೀದರು ಜೀವಮಾನದಲ್ಲಿ ಸ್ವಂತ ಬುದ್ಧಿಯಿಂದ ಮಾಡಿದ ಕೆಲಸ ಒಂದೇ ಒಂದು. ಅಂಗಡಿ ಹಾಕಿಸಿದ್ದು ಅಣ್ಣ. ಮನೆಯ ನಕ್ಷೆ ಹೆಂಡತಿ ಝುಲೈಖಾ ಹೇಳಿದ್ದು. ಮನೆಗೆ ಬಳಿದ ಹಳದಿ ಬಣ್ಣ ಕೂಡ ಹೆಂಡತಿಯ ತಮ್ಮ ನೌಷಾದ್ ಆರಿಸಿದ್ದು. ಆದರೆ ಮನೆಯ ಹಿಂದಿನ ಮೂವತ್ತು ಸೆಂಟ್ಸ್ ಜಾಗದಲ್ಲಿ ಹಾಲು ಬತ್ತಿದ ಮುದಿ ರಬ್ಬರ್ ಮರಗಳನ್ನು ಕಡಿಸಿ ಅಲ್ಲಿ ಹುಲ್ಲು ನೆಟ್ಟದ್ದು ಮಾತ್ರ ಹಮೀದರೇ.

ಸಾಧಾರಣ ಹುಲ್ಲಲ್ಲ ಅದು. ಒಮ್ಮೆ ನೆಟ್ಟರೆ ಏಳೆಂಟು ವರ್ಷ ಕತ್ತರಿಸಿದಷ್ಟೂ ಚಿಗುರುವ ಜಾತಿ. ಅದನ್ನು ಅರೆದು, ಕೊಳೆಸಿ ಗ್ಯಾಸು ಮಾಡುತ್ತಾರಂತೆ, ಬೆಳೆಸಿದವರಿಗೆ ಸರಕಾರ ಪ್ರೋತ್ಸಾಹಧನ ಕೊಡುತ್ತದಂತೆ. ಹೀಗೆಂದು ಒಂದು ಮಾಹಿತಿ ಶಿಬಿರದಲ್ಲಿ ಕೇಳಿ ಬಂದ ಹಮೀದರು ಮರುದಿನವೇ ಅರ್ಜಿ ಹಾಕಿದ್ದರು. ಊರಿನಲ್ಲಿ ಮಾತ್ರ ಯಾರಿಗೂ ಹೇಳಿರಲಿಲ್ಲ. ಹಣ ಕೈಗೆ ಬಂದ ಮೇಲೆ ಹೇಳಿದರೆ ಮಾತಿಗೆ ತೂಕ ಹೆಚ್ಚು ಎಂಬುದು ಅವರ ಲೆಕ್ಕಾಚಾರ.

ಇದರಿಂದ ಆದದ್ದು ಬೇರೆಯೇ. ಆ ಊರಿನಲ್ಲಿ ಹುಲ್ಲು ಎಂದರೆ ತೆಗೆಯುವ ವಸ್ತು, ಬೆಳೆಸುವ ವಸ್ತುವಲ್ಲ. ಯಾರದಾದರೂ ಜಾಗದಲ್ಲಿ ಹುಲ್ಲು ಸೊಂಟದೆತ್ತರ ಬಂದಿದೆ ಎಂದರೆ ಆ ಮನೆಯ ಯಜಮಾನನಿಗೆ ಸೌಖ್ಯವಿಲ್ಲ, ಇಲ್ಲವೇ ಕೆಲಸದವರು ಕೈಕೊಟ್ಟಿದ್ದಾರೆ ಎಂದರ್ಥ. ಹಮೀದರ ಹುಲ್ಲು ಆಳೆತ್ತರ ಮೀರಿದಾಗ ಜನ ಅಂಗಡಿಗೆ ಬಂದು ಮೆಲ್ಲನೆ "ಸೌಖ್ಯ ಉಂಟಲ್ಲ?" ಎಂದು ವಿಚಾರಿಸತೊಡಗಿದರು. ಅವರಲ್ಲಿ ಅತಿ ಹೆಚ್ಚು ಮರುಗಿದವರು ಮಹೇಶ್ವರ.

ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಹುಲ್ಲು ನೋಡಲು ಬರುವುದಾಗಿ ಕ್ಷೇತ್ರಾಧಿಕಾರಿ ಪ್ರಣೀತಾ ಮೇಡಂ ಮೊಬೈಲಿಗೆ ಸಂದೇಶ ಕಳಿಸಿದ್ದರು. ಬೆಳಿಗ್ಗೆ ಚಹಾ ಕೊಡುತ್ತ ಝುಲೈಖಾ ಷರತ್ತನ್ನು ಮತ್ತೊಮ್ಮೆ ನೆನಪಿಸಿದರು.

"ಇವತ್ತು ಮೇಡಂ ಆಯ್ತು ಅಂತ ಹೇಳಿದ್ರೆ ಹುಲ್ಲು ಇರ್ಲಿ. ಇಲ್ಲದಿದ್ರೆ ನಾಳೆ ನೌಷಾದ್ ರಂಬುಟಾನ್ ಹಣ್ಣಿನ ಗಿಡ ತರ್ತಾನೆ. ಮತ್ತೆ ನೀವು ಮಾತಾಡ್ಲಿಕ್ಕಿಲ್ಲ."

"ಆಯ್ತು ಅಂತಲೇ ಹೇಳ್ತಾರೆ, ನೋಡು," ಎಂದು ಹಮೀದರು ಎದೆಯುಬ್ಬಿಸಿ, ಮೇಡಂಗೆ ಕೊಡಲು ಬೇಕರಿ ತಿಂಡಿ ತರಲೆಂದು ಪೇಟೆಗೆ ಹೊರಟರು. ಒಂದು ಸಲ, ಒಂದೇ ಒಂದು ಸಲ, ಈ ಮನೆಯಲ್ಲಿ ತನ್ನ ಮಾತು ಸರಿ ಎಂದಾಗಬೇಕು. ಹಣ ಆಮೇಲೆ.

ಅಂಗಡಿಯ ವ್ಯಾಪಾರವನ್ನೂ ಸ್ವಲ್ಪ ನೋಡಿ ಅವರು ಹಿಂತಿರುಗಿದಾಗ ಹತ್ತು ಗಂಟೆ. ಅಂಗಳದಲ್ಲಿ ನಿಂತರೆ ಎಂದೂ ಕಾಣದ ಹಿಂದಿನ ಮಣ್ಣುರಸ್ತೆ ಇವತ್ತು ಚೆನ್ನಾಗಿ ಕಾಣುತ್ತಿತ್ತು. ಏನೋ ಒಳ್ಳೆಯ ಗಾಳಿ ಬೀಸುತ್ತಿದೆಯಲ್ಲ ಎಂದುಕೊಂಡು ಎರಡು ಹೆಜ್ಜೆ ಇಟ್ಟ ಹಮೀದರು ಮೂರನೆಯದನ್ನು ಇಡಲಾರದೆ ನಿಂತರು.

ಮೂವತ್ತು ಸೆಂಟ್ಸ್ ಜಾಗ ಕ್ಷೌರದಂಗಡಿಯಿಂದ ಆಗಷ್ಟೇ ಎದ್ದು ಬಂದವರ ತಲೆಯಂತಿತ್ತು. ನಡುವೆ ಊರಿನ ತೋಟಗಳಿಗೆ ಕೂಲಿಗೆ ಹೋಗುವ ಲತೀಶ್ ಹುಲ್ಲು ತೆಗೆಯುವ ಮಿಷನ್ ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಪಕ್ಕದಲ್ಲಿ ಮಹೇಶ್ವರ ದೇವರಿಗೆ ಹರಕೆ ಒಪ್ಪಿಸಿದವರ ಮುಖ ಮಾಡಿಕೊಂಡು ನಿಂತಿದ್ದರು.

"ಎಂತ ಸಾವು ಇದು ಮಾರಾಯ್ರೆ!" ಹಮೀದರ ಕೈಯಿಂದ ಬೇಕರಿ ಪೊಟ್ಟಣ ಜಾರಿತು.

"ಥ್ಯಾಂಕ್ಸೆಲ್ಲ ಬೇಡ ಹಮೀದರೆ," ಮಹೇಶ್ವರ ನಾಚಿದರು. "ನಿನ್ನೆ ಝುಲೈಖಾ ಹೇಳಿದ್ರು, ಆಫೀಸಿನವರು ಜಾಗ ನೋಡ್ಲಿಕ್ಕೆ ಬರ್ತಾರೆ ಅಂತ. ಅವರ ಎದುರು ನಿಮ್ಮ ಮರ್ಯಾದೆ ಹೋಗುದು ಬೇಡ ಅಂತ ಲತೀಶನನ್ನು ಕರೆಸಿದೆ. ಒಂದು ಕಡ್ಡಿ ಬಿಡ್ಬೇಡ, ಪೂರ್ತಿ ಕೆಲಸ ಮಾಡು ಅಂತ ಹೇಳಿದ್ದೇನೆ. ಅವನ ಕೂಲಿ ಎಲ್ಲ ನಾನು ಕೊಟ್ಟಾಯ್ತು."

"ಅವರು ನೋಡ್ಲಿಕ್ಕೆ ಬರುದೇ ಆ ಹುಲ್ಲನ್ನು!"

ಹಮೀದರು ಅರ್ಜಿಯಿಂದ ರಂಬುಟಾನ್ ತನಕದ ಕತೆಯನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವಾಗ ಮಹೇಶ್ವರರ ಮುಖ ಬಾಡಿ ಹೋಗಿತ್ತು. ಅವರು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಹುಲ್ಲನ್ನು ಯಾರಾದ್ರೂ ಬೇಕೂಂತ ಬೆಳೆಸ್ತಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಹಮೀದರೆ? ಒಂದು ಮಾತು ಹೇಳುದಲ್ವಾ?"

"ಕಡಿದ ಹುಲ್ಲೆಲ್ಲಿ?"

"ಡೊಂಬಯ್ಯಣ್ಣನ ದನದ ಹಟ್ಟಿಗೆ," ಲತೀಶ್ ಹೇಳಿದ. "ಪಿಕಪಿನಲ್ಲಿ ಎರಡು ಲೋಡ್ ಹಾಕಿ ಬಂದೆ. ಪಾಪ, ಅವರ ದನಗಳಿಗೆ ಭಾರೀ ಖುಷಿ."

ಹೊಸ ಉಪಾಯ ಹೊಳೆದದ್ದು ಮಹೇಶ್ವರರಿಗೇ. ತಪ್ಪು ಮಾಡಿದ ಒಳ್ಳೆಯ ಮನುಷ್ಯನಿಗಿಂತ ಚುರುಕಾದವರು ಇನ್ನೊಬ್ಬರಿಲ್ಲ. ಮೇಡಂ ಬರುವುದು ಹಿಂದಿನ ಮಣ್ಣುರಸ್ತೆಯಲ್ಲಿ. ಜೀಪಿನಿಂದ ಇಳಿದು ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಹೋಗುತ್ತಾರೆ. ರಸ್ತೆಯ ಬದಿಗೆ ನಾಲ್ಕು ಸಾಲು ಹುಲ್ಲು ನಿಂತಿದ್ದರೆ ಸಾಕಲ್ಲ? ಅದರ ಹಿಂದೆ ಏನುಂಟು, ಏನಿಲ್ಲ ಎಂದು ಯಾರಿಗೆ ಕಾಣುತ್ತದೆ?

ಸರಿ, ಎಲ್ಲರೂ ಪಿಕಪ್ ಹತ್ತಿ ಡೊಂಬಯ್ಯನ ಹಟ್ಟಿಗೆ ಓಡಿದರು. ಅಲ್ಲಿ ಒಂದು ಲೋಡು ಆಗಲೇ ನಾಲ್ಕು ದನಗಳ ಸುಪರ್ದಿಗೆ ಹೋಗಿತ್ತು. ಉಳಿದದ್ದರ ಎದುರು ಡೊಂಬಯ್ಯ ಕೈಕಟ್ಟಿ ನಿಂತ.

"ಕೊಟ್ಟ ಹುಲ್ಲನ್ನು ವಾಪಸ್ ಕೇಳುದು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ."

"ವಾಪಸ್ ಅಲ್ಲ ಡೊಂಬಯ್ಯ, ಸಾಲ," ಹಮೀದರು ಗೋಗರೆದರು. "ಸಂಜೆ ಐದು ಗಂಟೆಗೆ ನಿನ್ನ ಹಟ್ಟಿಗೆ ತಂದು ಹಾಕ್ತೇನೆ. ಹೊಸ ಚಪ್ಪಲಿ ಒಂದು ಜೊತೆ ಬೇರೆ ಕೊಡ್ತೇನೆ."

ಡೊಂಬಯ್ಯ ತನ್ನ ಪಾದ ನೋಡಿಕೊಂಡ, ಹೆಂಡತಿಯ ಪಾದವನ್ನೂ ನೆನಪಿಸಿಕೊಂಡ. ಎರಡು ಜೊತೆಗೆ ಮಾತು ಮುಗಿಯಿತು.

ಅಲ್ಲಿಂದ ಮುಂದೆ ಹಮೀದರ ಹಿತ್ತಿಲಲ್ಲಿ ನಡೆದದ್ದನ್ನು ರಸ್ತೆಯಲ್ಲಿ ಹೋದವರೆಲ್ಲ ನಿಂತು ನೋಡಿದರು. ಮಹೇಶ್ವರ ಹಾರೆಯಿಂದ ಕುಳಿ ತೋಡುವುದು, ಹಮೀದರು ಎಂಟಡಿ ಉದ್ದದ ಹುಲ್ಲಿನ ಕಟ್ಟನ್ನು ಮದುಮಗಳನ್ನು ಕೂರಿಸಿದಷ್ಟು ನಾಜೂಕಾಗಿ ಕುಳಿಯಲ್ಲಿ ನಿಲ್ಲಿಸುವುದು, ಡೊಂಬಯ್ಯ ಬುಡಕ್ಕೆ ಮಣ್ಣು ಮೆಟ್ಟುವುದು. ಒಂದು ಸಾಲು ನಿಲ್ಲಿಸಿ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮೊದಲ ಸಾಲು ವಾಲುತ್ತಿತ್ತು. ಅದಕ್ಕೆ ಹಗ್ಗ ಕಟ್ಟಿದರು. ಝುಲೈಖಾ ಅಡುಗೆಮನೆಯ ಕಿಟಕಿಯಲ್ಲಿ ಗಲ್ಲಕ್ಕೆ ಕೈಯಿಟ್ಟು ನಿಂತಿದ್ದರು. ಆ ನೋಟ ಹಮೀದರಿಗೆ ಮಾತಿಗಿಂತ ಹೆಚ್ಚು ಚುಚ್ಚಿತು.

ಗಂಟೆ ಒಂದಾಗುವಾಗ ನಾಲ್ಕೂ ಸಾಲು ಎದ್ದು ನಿಂತವು. ಎರಡಾಗುವಾಗ ಬಿಸಿಲಿಗೆ ಅವುಗಳ ಎಲೆ ಮುದುಡತೊಡಗಿತು.

"ನೀರು! ನೀರು ಚಿಮುಕಿಸ್ಬೇಕು!" ಎಂದು ಹಮೀದರು ಬೊಬ್ಬೆ ಹಾಕಿದರು. ಪೈಪು ಅಲ್ಲಿಗೆ ಮುಟ್ಟುವುದಿಲ್ಲ. ಲತೀಶ್ ಊಟಕ್ಕೆ ಹೋಗಿದ್ದ. ಅವನು ನೆರಳಿನಲ್ಲಿ ಇಟ್ಟು ಹೋಗಿದ್ದ, ಬೆನ್ನಿಗೆ ಹಾಕುವ ಸ್ಪ್ರೇ ಪಂಪ್ ಕಂಡದ್ದು ಮಹೇಶ್ವರರ ಕಣ್ಣಿಗೆ. ಎತ್ತಿ ನೋಡಿದರು. ಭಾರವಿತ್ತು.

"ಎಂಥ ಬುದ್ಧಿವಂತ ನೋಡಿ ಈ ಲತೀಶ್! ಮೊದಲೇ ನೀರು ತುಂಬಿಸಿ ಇಟ್ಟಿದ್ದಾನೆ."

ಹಮೀದರು ಪಂಪನ್ನು ಬೆನ್ನಿಗೇರಿಸಿ ನಾಲ್ಕೂ ಸಾಲಿಗೆ ಮೇಲಿನಿಂದ ಕೆಳಗಿನ ತನಕ ಹೊಡೆದರು. ಎಲೆಗಳು ಮಿರುಗಿದವು. ಪಂಪಿನಲ್ಲಿ ಇನ್ನೂ ಅರ್ಧ ಉಳಿದಿತ್ತು. ಹಿಂದೆ ಇಡೀ ಜಾಗದಲ್ಲಿ ಗೇಣುದ್ದದ ಬುಡಗಳು ಬಿಸಿಲಿಗೆ ಬಾಯಿಬಿಟ್ಟು ನಿಂತಿರುವುದನ್ನು ಕಂಡು ಹಮೀದರು ಆ ಕಡೆಗೂ ನಡೆದರು. ಎಷ್ಟಾದರೂ ತಾನೇ ನೆಟ್ಟದ್ದು. ಒಂದೊಂದು ಬುಡಕ್ಕೂ ಬಗ್ಗಿ ಬಗ್ಗಿ, ಕೊನೆಯ ಹನಿ ಮುಗಿಯುವ ತನಕ ಹೊಡೆದರು.

ಗುಂಡ್ಯದ ಕಡೆಯಿಂದ ಜೀಪು ಬಂದಾಗ ಸರಿಯಾಗಿ ಮೂರು ಗಂಟೆ. ಪ್ರಣೀತಾ ಮೇಡಂ ಇಳಿದರು. ವಯಸ್ಸು ಮೂವತ್ತರ ಒಳಗೆ, ಕೈಯಲ್ಲಿ ಮೊಬೈಲು, ಮುಖದಲ್ಲಿ ಬೆಳಗ್ಗಿನಿಂದ ತಿರುಗಿದ ದಣಿವು. ನಾಲ್ಕು ಸಾಲಿನ ಎದುರು ನಿಂತು ಮೇಲೆ ನೋಡಿದರು, ಕೆಳಗೆ ನೋಡಿದರು.

"ಚೆಂದ ಬೆಳೆದಿದೆ," ಎಂದರು.

ಹಮೀದರು ಅಡುಗೆಮನೆಯ ಕಿಟಕಿಯ ಕಡೆಗೆ ತಿರುಗಿ ಒಮ್ಮೆ ಮೀಸೆ ತಿರುವಿದರು.

"ಆದ್ರೆ ಎಂತ ಮಾಡುದು? ನೀವೂ ಕತ್ತರಿಸಿಲ್ಲ," ಮೇಡಂ ನಿಟ್ಟುಸಿರು ಬಿಟ್ಟರು. "ಇವತ್ತು ನಾನು ನೋಡ್ಲಿಕ್ಕೆ ಬಂದದ್ದು ಮೊದಲ ಕಟಾವು. ಹತ್ತು ತಿಂಗಳಾದ ಮೇಲೆ ಹುಲ್ಲು ಕತ್ತರಿಸಿ ಇಟ್ಟಿರ್ಬೇಕು. ಅದು ಕಂಡರೆ ಮಾತ್ರ ಪ್ರೋತ್ಸಾಹಧನ. ಬೆಳಿಗ್ಗೆಯಿಂದ ಐದು ಕಡೆ ಹೋದೆ, ಎಲ್ಲರೂ ನನಗೆ ತೋರಿಸ್ಲಿಕ್ಕೆ ಅಂತ ಹಾಗೇ ನಿಲ್ಲಿಸಿದ್ದಾರೆ. ಒಬ್ಬರಾದ್ರೂ ಕತ್ತರಿಸಿದವರು ಸಿಗ್ಲಿಲ್ಲ."

ಹಮೀದರು ಮೀಸೆ ಬಿಟ್ಟು ಸಾಲಿನ ಕಡೆಗೆ ಓಡಿದರು.

"ಮೇಡಂ, ಕತ್ತರಿಸಿ ಆಗಿದೆ! ಇದು ನಿಂತದ್ದಲ್ಲ, ನಿಲ್ಲಿಸಿದ್ದು!" ಎನ್ನುತ್ತ ಮುಂದಿನ ಕಟ್ಟನ್ನು ಹಿಡಿದು ಎಳೆದರು. ಹಗ್ಗದಲ್ಲಿ ಒಂದಕ್ಕೊಂದು ಬಿಗಿದಿದ್ದರಿಂದ ಇಡೀ ಸಾಲು ಮೆಲ್ಲನೆ ಬಾಗಿ, ಮೇಡಂಗೆ ಅಡ್ಡಬಿದ್ದಿತು. ಅದರ ಭಾರಕ್ಕೆ ಉಳಿದ ಸಾಲುಗಳೂ ಮಲಗಿದವು. ಹಿಂದಿನ ಬೋಳು ಜಾಗ, ಹಾರೆ ಹಿಡಿದ ಮಹೇಶ್ವರ, ಮಣ್ಣು ಮೆತ್ತಿದ ಡೊಂಬಯ್ಯ, ಎಲ್ಲರೂ ಒಮ್ಮೆಲೇ ಬಯಲಾದರು.

ಮಹೇಶ್ವರ ಮುಂದೆ ಬಂದು ತಪ್ಪೆಲ್ಲ ತನ್ನದೆಂದು ಒಪ್ಪಿಕೊಂಡು ಬೆಳಗ್ಗಿನಿಂದ ನಡೆದದ್ದನ್ನು ಹೇಳಿದರು. ಮೇಡಂ ನಗಬಾರದೆಂದು ತುಟಿ ಕಚ್ಚಿಕೊಂಡೇ ಕೇಳಿದರು.

"ಕತ್ತರಿಸಿದ ಹುಲ್ಲಿನ ತೂಕ ಬರೀಬೇಕಲ್ಲ ಸಾರ್?"

"ಅರ್ಧ ಇಲ್ಲಿ ಉಂಟು ಮೇಡಂ. ಇನ್ನರ್ಧ ದನಗಳ ಹೊಟ್ಟೆಯಲ್ಲಿ," ಹಮೀದರು ಹೇಳಿದರು.

"ಕತ್ತರಿಸಿ ಪುನಃ ನಿಲ್ಲಿಸಿದವರಿಗೆ ನನ್ನ ಫಾರಂನಲ್ಲಿ ಕಾಲಂ ಇಲ್ಲ," ಎಂದು ಮೇಡಂ ಹಿಂದಿನ ಬುಡಗಳನ್ನು ನೋಡಿ ಬಂದರು. ಹಮೀದರ ಮುಖ ನೋಡಿ ಅವರಿಗೆ ಪಾಪ ಕಂಡಿರಬೇಕು. "ಒಂದು ಕೆಲಸ ಮಾಡುವ. ನಾನಿವತ್ತು ಏನೂ ಬರೆಯುದಿಲ್ಲ. ಮುಂದಿನ ತಿಂಗಳು ಬರ್ತೇನೆ. ಬುಡ ಚಿಗುರಿ ಮೊಣಕಾಲೆತ್ತರ ಬಂದಿದ್ರೆ ಕಟಾವು ಆಗಿದೆ ಅಂತಲೇ ಪಾಸ್ ಮಾಡ್ತೇನೆ. ನೀವು ಏನೂ ಮಾಡ್ಲಿಕ್ಕಿಲ್ಲ. ಸುಮ್ಮನೆ ಇದ್ರೆ ಸಾಕು, ಅದೇ ಚಿಗುರ್ತದೆ."

ಬೇಕರಿ ತಿಂಡಿ ತಿಂದು ಮೇಡಂ ಹೊರಟರು. ಝುಲೈಖಾ ಕೂಡ, "ಒಂದು ತಿಂಗಳು ಅಲ್ವಾ, ನೋಡುವ," ಎಂದು ಒಪ್ಪಿದರು. ಹಮೀದರಿಗೆ ಕಣ್ಣು ತುಂಬಿ ಬಂತು. ಮಹೇಶ್ವರರನ್ನು ಅಪ್ಪಿಕೊಂಡು, "ನೀವು ಕಡಿಸಿದ್ದೇ ಒಳ್ಳೆದಾಯ್ತು ಮಾರಾಯ್ರೆ," ಎಂದರು. ಇಬ್ಬರೂ ಜಗಲಿಯಲ್ಲಿ ಚಹಾಕ್ಕೆ ಕುಳಿತರು. ಡೊಂಬಯ್ಯ ಬಿದ್ದ ಹುಲ್ಲನ್ನು ಕಟ್ಟುತ್ತಿದ್ದ.

ಆಗ ಊಟ, ನಿದ್ದೆ ಮುಗಿಸಿ ಲತೀಶ್ ಬಂದ. ನೆರಳಿನಲ್ಲಿದ್ದ ಪಂಪನ್ನು ಎತ್ತಿದ. ಅದು ಕೈಗೆ ಹಗುರವಾಗಿ ಬಂತು.

"ಹಮೀದಾಕ, ಇದ್ರಲ್ಲಿದ್ದದ್ದು ಎಲ್ಲಿ?"

"ನೀರಾ? ಹೊಡೆದು ಮುಗಿಸಿದೆ. ಎದುರಿನ ಸಾಲಿಗೂ ಹೊಡೆದೆ, ಪಾಪ ಅಂತ ಹಿಂದಿನ ಬುಡಗಳಿಗೂ ಹೊಡೆದೆ. ಒಂದೂ ಬಿಡ್ಲಿಲ್ಲ."

ಲತೀಶ್ ಪಂಪನ್ನು ಕೆಳಗಿಟ್ಟು ಮೊದಲು ಡೊಂಬಯ್ಯನ ಕಡೆಗೆ ಓಡಿದ. "ಆ ಹುಲ್ಲು ದನಕ್ಕೆ ಹಾಕ್ಬೇಡಿ!" ಎಂದು ಕೂಗಿ, ಕಟ್ಟು ಕಿತ್ತು ಬಿಸಾಡಿ ಬಂದ. "ನೀರಲ್ಲ ಅದು, ಹುಲ್ಲು ಸಾಯುವ ಮದ್ದು. ಮಹೇಶ್ವರಣ್ಣ ಪೂರ್ತಿ ಕೆಲಸ ಮಾಡು ಅಂತ ಹೇಳಿದ್ರಲ್ಲ? ಮೊದಲು ಕಡಿಯುದು, ಮತ್ತೆ ಬುಡಕ್ಕೆ ಮದ್ದು ಬಿಡುದು. ಮಧ್ಯಾಹ್ನ ಹೊಡೆಯುವ ಅಂತ ಕಲಸಿ ಇಟ್ಟಿದ್ದೆ. ನೀವೇ ಹೊಡೆದ್ರಾ? ಬೇರು ಸಮೇತ ಹೋಗ್ತದೆ, ಇನ್ನು ಚಿಗುರುದಿಲ್ಲ."

ಮಹೇಶ್ವರ ಚಹಾದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಹಮೀದರು ಹಿಂದಿನ ಜಾಗವನ್ನು ನೋಡುತ್ತ ಕುಳಿತರು. ಅಲ್ಲಿ ಅವರ ಸ್ವಂತ ಬುದ್ಧಿ ಇಳಿಬಿಸಿಲಿನಲ್ಲಿ ಮೆಲ್ಲನೆ ಒಣಗುತ್ತಿತ್ತು.

ಒಳಗಿನಿಂದ ಝುಲೈಖಾ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ನೌಷಾದ್, ನಾಳೆಯೇ ಗಿಡ ತಾ. ಜಾಗ ಕ್ಲೀನ್ ಆಗಿದೆ. ಹುಲ್ಲಿನ ಉಪದ್ರ ಇನ್ನಿಲ್ಲ, ಭಾವನೇ ನಿಂತು ಮದ್ದು ಹೊಡೆದಿದ್ದಾರೆ."