ಬಂಗಲೆಯ ಲಾನು ಸಮವಾದದ್ದು

ದೊಡ್ಡ ಸಾಹೇಬರ ಬಿಳಿ ಷರಾಯಿಯ ಮೇಲೆ ಕಾಫಿ ಚೆಲ್ಲಿದ್ದೇ ಎಲ್ಲಕ್ಕೂ ಮೂಲ.

ಕುಣಿಗಲ್ಲಿನ ಹೊರಗೆ ಇಲಾಖೆಯ ಒಂದು ಬಂಗಲೆಯಿತ್ತು, ಅದರ ಮುಂದೆ ಒಂದು ಲಾನು. ವರ್ಷಾನುಗಟ್ಟಲೆ ಹೆಗ್ಗಣಗಳು ತೋಡಿ, ಮಳೆ ಕೊರೆದು, ಆ ಲಾನು ಸಿಡುಬು ಎದ್ದುಹೋದ ಮುಖದಂತಾಗಿತ್ತು. ಹೋದ ತಿಂಗಳು ಬಂದ ಸಾಹೇಬರು ಅಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಕಾಫಿ ತುಟಿಗೆ ಮುಟ್ಟುವುದಕ್ಕೂ ಕುರ್ಚಿಯ ಕಾಲು ಬಿಲಕ್ಕೆ ಇಳಿಯುವುದಕ್ಕೂ ಸರಿಹೋಯಿತು. "ಲಾನ್ ಸಮ ಇಲ್ಲ" ಎಂದಷ್ಟೇ ಹೇಳಿ ಅವರು ಜೀಪು ಹತ್ತಿದರು.

ಬಂಗಲೆಯ ಉಸ್ತುವಾರಿ ಗುಮಾಸ್ತ ಅಂಜನಮೂರ್ತಿಗೆ ಅಂದಿನಿಂದ ನಿದ್ದೆಯಿಲ್ಲ. ಅವನ ಹೆಂಡತಿ ಸಿದ್ದಗಂಗಮ್ಮ ಸ್ಕೂಲಿನಲ್ಲಿ ಮೇಡಮ್ಮು, ತುಮಕೂರಿನಲ್ಲಿದ್ದಳು. ಮೂರು ವರ್ಷದಿಂದ ಅವನು ಶನಿವಾರ ಸಂಜೆಯ ಬಸ್ಸಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಬರುವ ಸಂಸಾರಸ್ಥ. ಮಾತು ಕಲಿಯುತ್ತಿದ್ದ ಮಗಳು ಅವನನ್ನು "ಶನಿವಾರದ ಮಾಮ" ಎಂದು ಕರೆದ ದಿನವೇ ಅವನು ತುಮಕೂರಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದ. ಆ ಅರ್ಜಿ ಈಗ ಕಾಫಿ ಚೆಲ್ಲಿಕೊಂಡ ಸಾಹೇಬರ ಬಳಿಯೇ ಇತ್ತು.

ಲಾನು ಸಮ ಮಾಡಿಸಲು ಅನುಮತಿ ಕೇಳಿ ಅವನು ಮೂರು ಪತ್ರ ಬರೆದ. ಮೂರಕ್ಕೂ "ಲಾನು ಎಂದರೇನು, ವಿವರಿಸಿ" ಎಂಬ ಉತ್ತರ ಬಂತು. ಅದನ್ನು ವಿವರಿಸುತ್ತಿರುವಾಗಲೇ, ಜನವರಿಯ ಒಂದು ಬೆಳಿಗ್ಗೆ ಎಂಟು ಗಂಟೆಗೆ ತಂತಿ ಬಂತು: ಸಾಹೇಬರು ಅವತ್ತೇ ಸಂಜೆ ನಾಲ್ಕಕ್ಕೆ ಬರುತ್ತಾರೆ.

"ಟ್ರ್ಯಾಕ್ಟರ್ ತರಿಸ್ರೀ" ಎಂದರು ಪಕ್ಕದ ಮೇಜಿನ ವೆಂಕಟೇಶಯ್ಯ. ಅವರೂ ಗುಮಾಸ್ತರೇ. ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು ಎಲ್ಲ ಕುಣಿಗಲ್ಲಿನಲ್ಲೇ. ಕೆರೆ ಏರಿಯ ಪಕ್ಕ ನಲವತ್ತು ತೆಂಗಿನ ಮರ ಇಟ್ಟುಕೊಂಡು, ಊರವರ ಎಲ್ಲ ಕೆಲಸಕ್ಕೂ ಸಲಹೆ ಕೊಡುತ್ತಿದ್ದರು. "ನಮ್ಮ ಮೂಡಲಗಿರಿಯಪ್ಪ ಹೊಸದು ತಂದವ್ನೆ. ಒಂದು ಗಂಟೆ ಕೆಲ್ಸ. ಆದ್ರೆ ನೋಡಿ, ನಾನು ಬಾಯಲ್ಲಿ ಹೇಳ್ತಿದೀನಿ. ಬರವಣಿಗೆಯಲ್ಲಿ ಕೇಳ್ಬೇಡಿ."

ಮೂಡಲಗಿರಿಯಪ್ಪ ಬಂದ. ಟ್ರ್ಯಾಕ್ಟರಿಗೆ ಕುಂಕುಮ, ಚೆಂಡುಹೂವು ಇನ್ನೂ ಹಸಿಯಾಗಿಯೇ ಇದ್ದವು. ತಾಲ್ಲೂಕಿನಲ್ಲಿ ಏನಾದರೂ ಉಳುವುದಿದೆಯೇ ಎಂದು ಅವನು ಹುಡುಕಿಕೊಂಡು ತಿರುಗುತ್ತಿದ್ದ ಕಾಲ ಅದು.

"ಹಲಗೆ ಹೊಡುದ್ರೆ ಸಾಕು ಬುಡಿ ಸ್ವಾಮಿ" ಎಂದು ದಪ್ಪ ಮರದ ಹಲಗೆಯೊಂದನ್ನು ಹಿಂದೆ ಕಟ್ಟಿ ಎಳೆದ. ಹಲಗೆ ಉಬ್ಬು ಬಂದಾಗ ಹತ್ತಿತು, ತಗ್ಗು ಬಂದಾಗ ಇಳಿಯಿತು. ಲಾನು ಮಾತ್ರ ಇದ್ದಂತೆಯೇ ಇತ್ತು. ಟ್ರ್ಯಾಕ್ಟರಿನ ಮೇಲೆ ಮೂಡಲಗಿರಿಯಪ್ಪ ಮೊದಲ ಸಲ ಕುದುರೆ ಹತ್ತಿದ ಮದುವೆ ಗಂಡಿನಂತೆ ಕುಪ್ಪಳಿಸಿದ.

"ಡಿಸ್ಕು ಹಾಕ್ಸಿ" ಎಂದರು ಜಗುಲಿಯಿಂದ ವೆಂಕಟೇಶಯ್ಯ. "ಉಬ್ಬು ಕತ್ತರಿಸ್ಬೇಕು ಕಣ್ರೀ. ತಲೆ ಸವರಿದ್ರೆ ಗಡ್ಡೆ ಇಳಿಯುತ್ತಾ?"

ನೆಲ ಉಳುವ ಕಬ್ಬಿಣದ ತಟ್ಟೆಗಳ ಆ ಡಿಸ್ಕು ಇಳಿಯಿತು. ಉಬ್ಬು ಕತ್ತರಿಸಿತು, ಅದರ ಜೊತೆಗೆ ಹುಲ್ಲನ್ನೂ. ಹನ್ನೊಂದು ಗಂಟೆಗೆ ಲಾನು ಹುರುಳಿ ಬಿತ್ತಲು ಹದವಾದ ಹೊಲವಾಗಿತ್ತು. ಎರಡು ಹೆಗ್ಗಣಗಳು ಹೊರಬಂದು, ತಮ್ಮ ಮನೆ ಎಲ್ಲಿ ಹೋಯಿತೆಂದು ನೋಡಿ, ಬಂಗಲೆಯೊಳಕ್ಕೇ ಓಡಿದವು.

ಅಂಜನಮೂರ್ತಿ ತಲೆಯ ಮೇಲೆ ಕೈ ಹೊತ್ತು ಕೂತ. "ಹುಲ್ಲೇ ಇಲ್ವಲ್ಲೋ ಮೂಡಲಗಿರಿಯಪ್ಪ!"

"ಹುಲ್ಲು ಬೇಕಿತ್ತಾ? ಮೊದ್ಲೇ ಹೇಳ್ಬಾರ್ದಾ ಸ್ವಾಮಿ? ಸಮ ಮಾಡು ಅಂದ್ರಿ!"

"ಸಾಹೇಬ್ರು ಹೇಳಿದ್ದು ಸಮ ಇಲ್ಲ ಅಂತ ತಾನೆ?" ಎಂದರು ವೆಂಕಟೇಶಯ್ಯ. "ಹುಲ್ಲಿನ ವಿಷಯ ಎತ್ತಿದ್ರಾ? ಇಲ್ಲ. ಸಮ ಮಾಡಿ ಸಾಕು."

ಮೂರನೆಯದಾಗಿ ಮಣ್ಣು ಸವರುವ ಕಬ್ಬಿಣದ ಪಟ್ಟಿ ಬಂತು. ಅದು ಹೆಂಟೆಗಳನ್ನು ಚೆನ್ನಾಗಿಯೇ ಸವರಿಕೊಂಡು ಹೋಯಿತು. ಹಾಗೆಯೇ ಹೋಗುತ್ತ ಗುಲಾಬಿ ಪಾತಿಯನ್ನೂ, ಕೊನೆಗೆ ಮೂಲೆಯ ನಲ್ಲಿಯನ್ನೂ ಸವರಿತು. ನೀರು ಆಳೆತ್ತರ ಚಿಮ್ಮಿತು. ಅಂಜನಮೂರ್ತಿ ಓಡಿಹೋಗಿ ಎರಡೂ ಅಂಗೈಯಿಂದ ಕೊಳವೆಯ ಬಾಯಿ ಒತ್ತಿ ನಿಂತ. ಅಂಗಿಯ ತೋಳಿನ ಮೂಲಕ ಒಳಗೆ ಹೊಕ್ಕ ನೀರು ಪಂಚೆಯ ಮೂಲಕ ಹೊರಗೆ ಬಂತು. ಕಸ ಗುಡಿಸುವ ಹನುಮಮ್ಮ ಒಂದು ಮರದ ಬೆಣೆ ತಂದು ಬಡಿಯುವ ಹೊತ್ತಿಗೆ ಅವನೂ ಲಾನಿನಷ್ಟೇ ಹದವಾಗಿದ್ದ.

"ಒಳ್ಳೇದೇ ಆಯ್ತು ಬುಡಿ" ಎಂದ ಮೂಡಲಗಿರಿಯಪ್ಪ. "ಮಣ್ಣು ನೆಂದೈತೆ. ಈಗ ರೋಣಗಲ್ಲು ಉಳ್ಳಿಸ್ಬುಟ್ರೆ ಕಲ್ಲಿನಂಗೆ ಕೂತ್ಕತದೆ."

ತೆನೆ ಒಕ್ಕುವ ಗುಂಡುಕಲ್ಲು ಅದು. ಟ್ರ್ಯಾಕ್ಟರಿನ ಹಿಂದೆ ಸುತ್ತು ಸುತ್ತಿತು. ಒಂದು ಗಂಟೆಯ ಹೊತ್ತಿಗೆ, ನಿಜಕ್ಕೂ, ನೆಲ ಅಂಗೈಯಂತೆ ಸಮವಾಯಿತು. ಅಂಜನಮೂರ್ತಿ ಒಂದು ಕುರ್ಚಿ ತಂದಿಟ್ಟು, ಕೂತು, ಆ ಕಡೆ ಈ ಕಡೆ ವಾಲಿ ನೋಡಿದ. ಅಲುಗಲಿಲ್ಲ. ಬೆಳಗಿನಿಂದ ಮೊದಲ ಸಲ ಅವನ ಮುಖದಲ್ಲಿ ನಗು ಬಂತು.

"ಧೂಳೆದ್ದೀತು ಸಾಮಿ, ತಡೀರಿ" ಎಂದು ಹನುಮಮ್ಮ ಎರಡು ಬಾನಿ ಸಗಣಿ ಬಗ್ಗಡ ಕದಡಿ ನೆಲವನ್ನೆಲ್ಲ ಸಾರಿಸಿದಳು.

ವೆಂಕಟೇಶಯ್ಯ ಕನ್ನಡಕ ತೆಗೆದು ನೋಡಿದರು. "ಹಸಿರೂ ಬಂತಲ್ರೀ! ದೂರದಿಂದ ಹುಲ್ಲೇ."

ಮೂರು ಗಂಟೆಗೆ ಅಂಜನಮೂರ್ತಿ ಬಟ್ಟೆ ಬದಲಾಯಿಸಿ ಸಾಹೇಬರನ್ನು ಎದುರುಗೊಳ್ಳಲು ರಸ್ತೆಗೆ ಹೋದ. ಜೀಪು ಬಂದಾಗ ನಾಲ್ಕೂವರೆ. ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಲಾನಿನ ಬಗ್ಗೆ ಹೇಳಬೇಕಾದ ಮಾತನ್ನು ಹೊಂದಿಸಿಕೊಂಡ. ಬಂಗಲೆಯ ಗೇಟು ಬಂತು.

ಲಾನಿನ ತುಂಬ ರಾಗಿ ತೆನೆ ಹರಡಿತ್ತು. ಆರು ಗಾಡಿಗಳು ಸಾಲಾಗಿ ನಿಂತಿದ್ದವು. ಟ್ರ್ಯಾಕ್ಟರು ರೋಣಗಲ್ಲು ಎಳೆಯುತ್ತ ಗಿರಗಿರನೆ ಸುತ್ತುತ್ತಿತ್ತು. ಹೆಂಗಸರು ಮೊರ ಹಿಡಿದು ತೂರುತ್ತಿದ್ದರು. ಸಾಹೇಬರಿಗೆಂದು ಇಟ್ಟ ಕುರ್ಚಿಯ ಮೇಲೆ ಯಾರದೋ ಬುತ್ತಿಯ ಗಂಟು ಕೂತಿತ್ತು.

ಅಂಜನಮೂರ್ತಿ ಮೂಡಲಗಿರಿಯಪ್ಪನ ಬಳಿಗೆ ಓಡಿದ. "ಏನಪ್ಪಾ ಇದು?"

"ನೀವೇ ಕಣ ಮಾಡ್ಸುದ್ರಲ್ಲ ಸ್ವಾಮಿ! ಇಂಥ ಕಣ ನಮ್ಮ ತಾತನ ಕಾಲದಲ್ಲೂ ಇರ್ನಿಲ್ಲ. ಸುಮ್ಕೆ ಖಾಲಿ ಬಿದ್ದಿತ್ತು. ನಾಕು ಜನಕ್ಕೆ ಹೇಳ್ದೆ, ನಲವತ್ತು ಜನ ಬಂದವ್ರೆ."

ಸಾಹೇಬರು ಜೀಪಿನಿಂದಿಳಿದು ನೆಟ್ಟಗೆ ಕಣದ ನಡುವಿಗೆ ನಡೆದರು. ಒಂದು ಹಿಡಿ ರಾಗಿ ತೆಗೆದು ಹೊಟ್ಟು ಊದಿದರು. "ಯಾರು ಮಾಡಿಸಿದ್ದು ಇದನ್ನ?"

ಅಂಜನಮೂರ್ತಿಯ ನಾಲಿಗೆ ಒಣಗಿತ್ತು. ವೆಂಕಟೇಶಯ್ಯನವರ ನಾಲಿಗೆ ಒಣಗಿರಲಿಲ್ಲ. "ಎಲ್ಲ ಇವರದ್ದೇ ಸಾರ್! ಬೆಳಿಗ್ಗೆಯಿಂದ ಬೇಡ, ರೂಲ್ಸಿಗೆ ವಿರುದ್ಧ, ರೈತರನ್ನ ಕಾಂಪೌಂಡಿನೊಳಕ್ಕೆ ಬಿಡಬೇಡಿ ಅಂತ ಬಡಕೊಂಡೆ. ಕೇಳಿದ್ರೆ ತಾನೆ?"

ಸಾಹೇಬರು ರಾಗಿಯನ್ನು ಕೆಳಕ್ಕೆ ಸುರಿದು ಕೈ ಒರೆಸಿಕೊಂಡರು. ಆಮೇಲೆ ಬಂದು ಅಂಜನಮೂರ್ತಿಯ ಕೈ ಹಿಡಿದು ಕುಲುಕಿದರು.

"ಭೇಷ್! ರೈತರಿಗೆ ನಿಮ್ಮ ಇಲಾಖೆ ಏನು ಮಾಡಿದೆ ಅಂತ ಮಿನಿಸ್ಟರು ತಿಂಗಳಿಂದ ಕೇಳ್ತಿದಾರೆ. ನನ್ನ ಹತ್ರ ಉತ್ತರಾನೇ ಇರಲಿಲ್ಲ. ಡ್ರೈವರ್, ಕ್ಯಾಮರಾ ತಗೊಂಡು ಬಾ!"

ಸಾಹೇಬರು ಮೊರ ಹಿಡಿದು ನಿಂತರು, ಫೋಟೋ ತೆಗೆದದ್ದಾಯಿತು. ಅಂಜನಮೂರ್ತಿಗೆ ಎದೆ ಹೂವಾಯಿತು. ಇಂಥ ಗಳಿಗೆ ಮತ್ತೆ ಬಂದೀತೇ? "ಸಾರ್, ತುಮಕೂರಿಗೆ ವರ್ಗ ಕೇಳಿದ್ದೆ..." ಎಂದ ಮೆಲ್ಲಗೆ.

"ಗೊತ್ತು. ಇವತ್ತು ನಿಮಗೆ ಆರ್ಡರ್ ಕೊಟ್ಟು ಹೋಗೋಣ ಅಂತಾನೇ ಬಂದೆ." ಸಾಹೇಬರು ಬ್ಯಾಗಿನಿಂದ ಸಹಿಯಾದ ಕಾಗದ ತೆಗೆದರು. ಅಂಜನಮೂರ್ತಿ ಎರಡೂ ಕೈ ಚಾಚಿದ. ಅವರು ಪೆನ್ನು ತೆಗೆದು ಅವನ ಹೆಸರನ್ನು ಹೊಡೆದುಹಾಕಿದರು. "ಆದ್ರೆ ನಿಮ್ಮಂಥವರನ್ನ ಈಗ ಇಲ್ಲಿಂದ ಕದಲಿಸೋದುಂಟೇ? ಇದು ಮಾದರಿ ಕಣ. ಇನ್ನು ಐದು ವರ್ಷ ನೀವೇ ನೋಡ್ಕೋಬೇಕು."

ಆಮೇಲೆ ವೆಂಕಟೇಶಯ್ಯನವರತ್ತ ತಿರುಗಿದಾಗ ಸಾಹೇಬರ ಮುಖ ಗಂಟಿಕ್ಕಿತು. "ರೈತರು ಒಳಗೆ ಬರಬಾರದು ಅಂದ್ರಲ್ಲ ನೀವು? ನಿಮ್ಮಂಥವರು ಇಲ್ಲಿರಕೂಡದು. ತುಮಕೂರಿನ ಆ ಜಾಗಕ್ಕೆ ನೀವು ಹೋಗಿ. ಸೋಮವಾರವೇ ರಿಪೋರ್ಟ್ ಮಾಡ್ಕೊಳ್ಳಿ." ಹೊಡೆದುಹಾಕಿದ ಹೆಸರಿನ ಮೇಲೆ ಅವರ ಹೆಸರು ಬರೆದು, ಕಾಗದವನ್ನು ಅವರ ಕೈಗಿಟ್ಟು, ಜೀಪು ಹತ್ತಿದರು.

ಜೀಪಿನ ಧೂಳು ಇಳಿಯಿತು. ವೆಂಕಟೇಶಯ್ಯ ಅಳುಮುಖ ಮಾಡಿಕೊಂಡು ಕೇಳಿದರು: "ಅಂಜನಮೂರ್ತಿ, ತುಮಕೂರಲ್ಲಿ ನಂಗೆ ಯಾರೂ ಗೊತ್ತಿಲ್ಲ ಕಣ್ರೀ. ಬಾಡಿಗೆ ಮನೆ ಎಲ್ಲಾದ್ರೂ ಇದ್ಯಾ?"

"ಇದೆ" ಎಂದ ಅಂಜನಮೂರ್ತಿ. "ಶಿರಾ ಗೇಟ್ ಹತ್ರ, ನಮ್ಮ ಮನೆ ಪಕ್ಕದ್ದೇ ಖಾಲಿ ಇದೆ."