ಸಮುದ್ರದ ಪಂಪಿಗೆ ಕಾರಟಗಿಯಲ್ಲಿ ಪೂಜೆ

ಅಕ್ಕಿ ಗಿರಣಿಯಲ್ಲಿ ಇಪ್ಪತ್ತು ವರ್ಷ ಮಷಿನ್ ಕಾಯ್ದ ನನಗೆ ಸಮುದ್ರದ ಪಂಪು ಯಾವ ಲೆಕ್ಕ! ನಡುಸಮುದ್ರದ ಎಣ್ಣೆ ಬಾವಿಯಲ್ಲಿ ತಿರುಗುವ ಪಂಪಿನ ಬಿಸಿ ಎಷ್ಟು, ನಡುಕ ಎಷ್ಟು ಎಂದು ಕಾರಟಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಲ್ಯಾಪ್‌ಟಾಪಿನಲ್ಲಿ ನೋಡುವುದು, ಏರಿದರೆ ಅಲ್ಲಿಯವರಿಗೆ ತಿಳಿಸುವುದು. ಇದು ನನ್ನ ಹೊಸ ನೌಕರಿ. ಅಲ್ಲಿಯ ಉಪ್ಪುಗಾಳಿ ಕಬ್ಬಿಣವನ್ನೇ ತಿನ್ನುತ್ತದಂತೆ. ನಾನು ಸಮುದ್ರ ನೋಡಿದ್ದು ಕ್ಯಾಲೆಂಡರಿನಲ್ಲಿ ಮಾತ್ರ. ಮೂರು ತಿಂಗಳು ತಪ್ಪಿಲ್ಲದೆ ಕಳೆದರೆ ಕೆಲಸ ಕಾಯಂ. ಗಿರಣಿ ಬಿಟ್ಟು ಬಂದಾಗಿತ್ತು, ಬೇರೆ ದಾರಿ ಇರಲಿಲ್ಲ.

ಕೊನೆಯ ವಾರ ಮಹಾನವಮಿ ಬಂತು. ಆಯುಧ ಪೂಜೆಗೆ ಕುಡಗೋಲು, ಈಳಿಗೆ ತೊಳೆದಿಟ್ಟ ನನ್ನ ಹೆಂಡತಿ ಗಿರಿಜಾ ಕೇಳಿದಳು, "ನಿಮ್ಮ ಮಷಿನ್ ಎಲ್ಲೈತ್ರಿ?"

"ಸಮುದ್ರದಾಗ ಐತಿ."

"ಅಲ್ಲಿಗೆ ಯಾರು ಹೋಗ್ತಾರ? ಈ ಲ್ಯಾಪ್‌ಟಾಪ್ ಆದ್ರೂ ಕೊಡ್ರಿ. ಫೋನಿಗೂ ಅದರ ಸುದ್ದಿ ಬರ್ತೈತಲ್ಲ, ಅದನ್ನೂ ಕೊಡ್ರಿ."

ಐದು ನಿಮಿಷದ ಮಾತೆಂದು ಎರಡನ್ನೂ ಕೊಟ್ಟೆ. ವಿಭೂತಿ ಬಿತ್ತು, ಸೇವಂತಿಗೆ ಬಿತ್ತು, ಮೇಲೊಂದು ಲಿಂಬೆಹಣ್ಣು ಕುಳಿತಿತು. ಮಂಗಳಾರತಿ ಮುಗಿಯುತ್ತಲೇ ಹೂವಿನ ಕೆಳಗಿಂದ ಫೋನು ಕೂಗತೊಡಗಿತು. ಪಂಪು ಬಿಸಿಯೇರಿದಾಗಿನ ಕೂಗು! ಕೈ ಚಾಚಿದೆ.

"ಮುಟ್ಟಬ್ಯಾಡ್ರಿ. ಪೂಜಿ ಆದ ಮಷಿನ್ ಮರುದಿನದ ತನಕ ಮುಟ್ಟಬಾರ್ದು ಅಂತ ಗಿರಣ್ಯಾಗ ನೀವ ಹೇಳ್ತಿದ್ರಿ."

ನಿಜ. ನವಮಿಯ ದಿನ ಸ್ವಿಚ್ ಒತ್ತಿದ ಹಮಾಲನೊಬ್ಬನನ್ನು ನಾನೇ ಜಾಡಿಸಿದ್ದೆ. ಈಗ ಯಾವ ಮುಖವಿಟ್ಟು ಮುಟ್ಟಲಿ?

"ಗಿರಿಜಾ, ಅಲ್ಲಿ ಪಂಪ್ ಸುಡಾಕತ್ತೈತಿ."

"ದೇವರು ನೋಡ್ಕೋತಾನ. ಊಟಕ್ಕ ಬರ್ರಿ."

ಹೋಳಿಗೆ ಮುರಿಯುತ್ತ ಕಿವಿಯನ್ನು ದೇವರ ಮುಂದಿನ ಫೋನಿನ ಕಡೆಗೇ ಇಟ್ಟೆ. ಫೋನು ಐದು ಸಲ ಕೂಗಿ ಸುಮ್ಮನಾಯಿತು. ಕೂಗಿಗಿಂತ ಆ ಮೌನಕ್ಕೆ ಹೆಚ್ಚು ಹೆದರಿದೆ. ಪಂಪು ಸುಟ್ಟಿತು, ನೌಕರಿ ಮುಗಿಯಿತು ಎಂದು ಗೋಡೆಗೆ ಒರಗಿ ಕುಳಿತೆ.

ಸಂಜೆ ದೇವರಿಗೆ ತಪ್ಪುಕಾಣಿಕೆ ಹೇಳಿಕೊಂಡು ಫೋನ್ ಎಳೆದುಕೊಂಡೆ. ಅಷ್ಟರಲ್ಲೇ ಕಂಪನಿಯ ಇಂಜಿನಿಯರನ ಕರೆ ಬಂತು. ಬೈಗುಳಕ್ಕೆ ಕಣ್ಣು ಮುಚ್ಚಿದೆ. ಆತ ಬೈಯಲಿಲ್ಲ.

"ಪಂಪಿನ ಸದ್ದು ಬದಲಾಗಿದ್ದು ಅಲ್ಲಿದ್ದವರಿಗೇ ಗೊತ್ತಾಯಿತು. ನಿಲ್ಲಿಸಿ, ಇನ್ನೊಂದು ಪಂಪು ಹಾಕಿದರು. ದಿನವಿಡೀ ನೀವು ಇರಲಿಲ್ಲ ಅನ್ನೋದು ಸಂಜೆಯವರೆಗೂ ಯಾರ ಗಮನಕ್ಕೂ ಬರಲಿಲ್ಲ. ಅದಕ್ಕೇ ಈ ಹುದ್ದೆಯೇ ಬೇಡ ಅಂತ ತೀರ್ಮಾನವಾಗಿದೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಏನಂದ್ರು?" ಗಿರಿಜಾ ಕೇಳಿದಳು.

"ಪಂಪಿಗೇನೂ ಆಗಿಲ್ಲಂತ."

"ನೋಡ್ರಿ, ಪೂಜಿ ಫಲ."

ಹೌದೆಂದು ತಲೆಯಾಡಿಸಿದೆ. ಸಮುದ್ರ ಸುರಕ್ಷಿತ, ಎಣ್ಣೆ ಬಾವಿ ಸುರಕ್ಷಿತ. ಇಡೀ ಯಂತ್ರದಲ್ಲಿ ತೆಗೆದುಹಾಕಬೇಕಾದ ಬಿಡಿಭಾಗ ನಾನೊಬ್ಬನೇ ಆಗಿದ್ದೆ.